ಬಂಡೆಯ ನೆರಳಿನ ಮೀಟಿಂಗ್

ಮಾದಾಪುರ, ಹೈದರಾಬಾದ್
ಮಾರ್ಚ್ 2001

ದೊಡ್ಡಮ್ಮಾ, ನಮಸ್ಕಾರ.

ಕಂಪನಿಯಲ್ಲಿ ನನಗೇನು ಕೆಲಸ ಎಂದು ಕೇಳಿದ್ದಿರಿ. ಮೀಟಿಂಗ್‌ಗಳಿಗೆ ಜಾಗ ಗೊತ್ತುಮಾಡುವುದು. ನಾಲ್ಕು ಗೋಡೆಯೊಳಗೆ ಒಳ್ಳೆಯ ಯೋಚನೆ ಹುಟ್ಟುವುದಿಲ್ಲ ಎನ್ನುತ್ತಾರೆ ನಮ್ಮ ಸಾಹೇಬರು. ಹಾಗಾಗಿ ಈ ಸಲ ಆಫೀಸಿನ ಹಿಂದಿರುವ ಹೆಬ್ಬಂಡೆಯ ನೆರಳಲ್ಲಿ ಜಮಖಾನ ಹಾಸಿಸಿದೆ. ನಮ್ಮ ಆಫೀಸು ಕಟ್ಟಿ, ಈಗ ಪಕ್ಕದ್ದನ್ನು ಕಟ್ಟುತ್ತಿರುವ ರಾಯಚೂರಿನವರು ದಿನವೂ ಬುತ್ತಿ ಬಿಚ್ಚುವ ಜಾಗ ಅದು. ಅವರ ಮೇಸ್ತ್ರಿ ಹುಲಗೇಶ ತಾನೇ ಕಸ ಗುಡಿಸಿ, ಕುಡಿಯಲು ಒಂದು ಕೊಡ ನೀರಿಟ್ಟ. ಆಮೇಲೆ ಮೆಲ್ಲಗೆ, "ಆಫೀಸು ನಾವ ಕಟ್ಟಿದ್ದು. ಸೋರಾಕತ್ತೈತೇನ್ರಿ? ಇಲ್ಯಾಕ ಕುಂದರ್ತೀರಿ?" ಎಂದು ಕೇಳಿದ. ಅವತ್ತು ಅವರೆಲ್ಲ ಬಿಸಿಲಲ್ಲೇ ಉಂಡರು.

ಮಧ್ಯಾಹ್ನದವರೆಗೆ ಮಾತಾಡಿ ನಮ್ಮವರು ತೀರ್ಮಾನಿಸಿದ್ದು ಒಂದೇ: ಕಾರು ನಿಲ್ಲಿಸಲು ಜಾಗ ಸಾಲದು, ಈ ಬಂಡೆ ಒಡೆಸಬೇಕು. ಮುಂದಿನ ಮೀಟಿಂಗ್‌ಗೆ ನಾನು ಬೇರೆ ಜಾಗ ಹುಡುಕಬೇಕು.

ನಿಮ್ಮ ಕಷಾಯದ ಪುಡಿಯಿಂದ ಕೆಮ್ಮು ಇಳಿದಿದೆ. ಇನ್ನಷ್ಟು ಕಳಿಸಬೇಡಿ.

ಸಂಜೆ ಹುಲಗೇಶ, "ಬರೂ ವಾರಾನೂ ಕಸ ಹೊಡದಿಡ್ಲೇನ್ರಿ, ಅಕ್ಕಾರ?" ಎಂದ. ಬೇಡ ಎಂದೆ. ಅವನು ಕೊಡ ಎತ್ತಿಕೊಂಡು ಹೋದ.

ಕಾರ್ಡು ತುಂಬಿತು.
ತಾರಾ