ಊದಿದ ದವಡೆ, ಊದದ ಕಾರ್ನೆಟ್

ಥಾರ್ನ್‌ಕ್ಲಫ್
ಜೂನ್ ೧೯, ಗುರುವಾರ

ಪ್ರೀತಿಯ ಗ್ಲೆಂಡಾ,

ಮೊದಲು ತಪ್ಪೊಪ್ಪಿಗೆ. ಐವತ್ತೆಂಟು ವರ್ಷ ವಯಸ್ಸಿನ ಇತಿಹಾಸದ ಮೇಷ್ಟರು ರಸೆಲ್ ಹೋಲ್ರಾಯ್ಡ್ ಎಂಬ ನಾನು, ಪೂರ್ತಿ ಎಚ್ಚರದಲ್ಲಿದ್ದು, ಯಾರ ಬಲವಂತವೂ ಇಲ್ಲದೆ, ಕಳೆದ ತಿಂಗಳ ಕೊನೆಯ ಭಾನುವಾರ ನಿನ್ನ ತಾಯಿಯ ಬಚ್ಚಲುಮನೆಯ ಕಪಾಟಿನಿಂದ ಲವಂಗದೆಣ್ಣೆಯ ಶೀಶೆಯೊಂದನ್ನು ಕದ್ದಿದ್ದೇನೆ. ಕೈ ತೊಳೆದು ಬರುತ್ತೇನೆಂದು ಹೋಗಿ ಕೈಚಳಕ ತೋರಿಸಿ ಬಂದೆ. ಬಾಗಿಲು ದಾಟುವಷ್ಟರಲ್ಲಿ ನಿಮ್ಮಮ್ಮ ಮೂಗೆತ್ತಿ ಗಾಳಿ ಮೂಸಿದರು. "ಅಳಿಯಂದ್ರೇ, ಕ್ರಿಸ್‌ಮಸ್‌ಗೆ ಇನ್ನೂ ಏಳು ತಿಂಗಳಿದೆ. ಈಗ್ಲೇ ಹಬ್ಬದ ಹಂದಿ ಥರ ಲವಂಗ ಹಚ್ಕೊಂಡು ಒಲೆಗೆ ಹೊರಟ್ರಾ?" ಅಂದರು. ಎಂಬತ್ತಮೂರು ವರ್ಷ, ಬಾಯಲ್ಲಿ ಒಂದೂ ಸ್ವಂತ ಹಲ್ಲಿಲ್ಲ, ಆದರೂ ಕಚ್ಚುವುದನ್ನು ಬಿಟ್ಟಿಲ್ಲ.

ಕದಿಯುವ ಗತಿ ಏಕೆ ಬಂತು ಎಂದರೆ, ನೀನು ಹೇಳಿದ್ದನ್ನು ಪಾಲಿಸಿದ್ದರಿಂದ ಬಂತು. ಪೆಟ್ಟಿಗೆ ಎತ್ತಿಕೊಂಡು ಸ್ಕಾರ್ಬರೋ ಬಸ್ಸು ಹತ್ತುವಾಗ ನೀನು, "ಒಂದು ವರ್ಷ ಸಿಗರೇಟು ಮುಟ್ಟದೆ ಇದ್ದು ತೋರ್ಸು, ಆಮೇಲೆ ನೋಡೋಣ" ಅಂದಿದ್ದೆ. ಹದಿನಾಲ್ಕು ತಿಂಗಳಾಯಿತು, ಒಂದೂ ಮುಟ್ಟಿಲ್ಲ. ಬದಲಿಗೆ ಮಾವಿನ ಹಣ್ಣಿನ ವಾಸನೆಯ ವೇಪ್ ಎಂಬ ಆವಿಕೊಳವೆ ಹಿಡಿದೆ. ಸಿಗರೇಟಿಗೆ ಒಂದು ಕೊನೆಯಾದರೂ ಇತ್ತು, ಗ್ಲೆಂಡಾ. ಬೆರಳು ಸುಟ್ಟಾಗ ಮುಗಿಯಿತು ಎಂದು ತಿಳಿಯುತ್ತಿತ್ತು. ಇದಕ್ಕೆ ಮುಗಿತಾಯವೇ ಇಲ್ಲ. ಉತ್ತರಪತ್ರಿಕೆ ತಿದ್ದುವಾಗ, ಬಟ್ಟೆ ಒಣಹಾಕುವಾಗ, ನಿನಗೆ ಕಾಗದ ಬರೆದು ಹರಿಯುವಾಗ, ಯಾವಾಗಲೂ ಹಲ್ಲುಗಳ ನಡುವೆ ಕಚ್ಚಿಕೊಂಡೇ ಇರುತ್ತಿದ್ದೆ. ಪಾಪ ಬಿಟ್ಟವನಿಗೆ ಪುಣ್ಯ ಬರಬೇಕು ತಾನೇ? ನನಗೆ ಹಲ್ಲುನೋವು ಬಂತು. ಮೊದಲು ಬಾಯಿ ಒಣಗಿತು, ಆಮೇಲೆ ವಸಡಿನಲ್ಲಿ ರಕ್ತ, ಆಮೇಲೆ ಕಿವಿಯ ಬುಡದಿಂದ ಗದ್ದದವರೆಗೆ ಯಾರೋ ತಿರುಪು ಬಿಗಿಯುತ್ತಿರುವ ಹಾಗೆ ದವಡೆ. ಏಪ್ರಿಲ್ ಹೊತ್ತಿಗೆ ಮೇಲಿನ ಎರಡು ಬಾಚಿಹಲ್ಲು ನಾಲಿಗೆ ತಾಗಿದರೆ ತಲೆದೂಗುತ್ತಿದ್ದವು. ಬ್ಯಾಂಡಿನಲ್ಲಿ ಊದಬೇಕಾದದ್ದು ಹಿತ್ತಾಳೆಯ ಕಾರ್ನೆಟ್, ಊದಿದ್ದು ದವಡೆ.

ನಮ್ಮೂರಲ್ಲಿ ದಂತವೈದ್ಯರ ಬಾಗಿಲು ತೆರೆಯುವುದು ಎಂಥ ಕೆಲಸವೆಂದು ನಿನಗೆ ಗೊತ್ತು. "ಹೆಸರು ಬರ್ಕೊಳ್ತೀನಿ ಸಾರ್, ಎರಡು ವರ್ಷ ಆಗ್ಬೋದು" ಅಂದಳು ಫೋನಿನ ಹುಡುಗಿ. ಅಷ್ಟರಲ್ಲಿ ನೋಡಲು ಹಲ್ಲು ಉಳಿದಿರುವುದಿಲ್ಲ ಅಂದೆ. "ಹಾಗಾದ್ರೆ ಕ್ಯಾನ್ಸಲ್ ಮಾಡೋಕೆ ಒಂದು ಫೋನ್ ಮಾಡ್ಬಿಡಿ" ಅಂದಳು. ಲವಂಗದೆಣ್ಣೆ ಖಾಲಿಯಾದ ಮೇಲೆ ಹ್ಯಾಲಿಫ್ಯಾಕ್ಸಿನ ತುರ್ತು ಚಿಕಿತ್ಸೆಯ ಸರದಿಯಲ್ಲಿ ನಾಲ್ಕು ಗಂಟೆ ಕೂತೆ. ಒಳಗೆ ಕೈಗವಸು ಹಾಕಿಕೊಂಡು ನಿಂತಿದ್ದವಳು ನಜ್ಮಾ. ಹತ್ತನೆಯ ತರಗತಿಯಲ್ಲಿ ಎಂಟನೆಯ ಹೆನ್ರಿ ರಾಜನ ಆರು ಹೆಂಡತಿಯರ ಕ್ರಮ ತಪ್ಪಿದ್ದಕ್ಕೆ ಅವಳನ್ನು ನಾನು ಫೇಲು ಮಾಡಿದ್ದೆ.

"ಬಾಯಿ ತೆಗೀರಿ ಸಾರ್. ಇನ್ನೂ ದೊಡ್ಡದಾಗಿ. ನಮ್ ಬಾಯಿ ಐದು ವರ್ಷ ಮುಚ್ಸಿದ್ರಲ್ಲ, ನಿಮ್ದು ಐದು ನಿಮಿಷ ತೆಗ್ದಿಡಿ."

ಕೆದಕಿ ನೋಡಿದಳು. ಸಿಗರೇಟು ವರ್ಷಗಟ್ಟಲೆ ವಸಡನ್ನು ಸದ್ದಿಲ್ಲದೆ ತಿಂದಿದೆ, ಈಗ ಈ ಆವಿ ಬಾಯಿ ಒಣಗಿಸಿ ಉಳಿದದ್ದನ್ನು ಮುಗಿಸುತ್ತಿದೆ, ಹಗಲೆಲ್ಲ ಕಚ್ಚಿಕೊಂಡೇ ಇರುವುದರಿಂದ ದವಡೆಯ ಸ್ನಾಯು ಸೆಟೆದಿದೆ ಎಂದಳು. ಎರಡೂ ಬಾಚಿಹಲ್ಲು ಈಗಲೇ ಕೀಳಬೇಕಂತೆ. ವಿಟ್ ಶುಕ್ರವಾರದ ಬ್ಯಾಂಡ್ ಸ್ಪರ್ಧೆ ಕಳೆಯಲಿ ಎಂದು ಬೇಡಿಕೊಂಡೆ. ಮುಂದಿನ ಹಲ್ಲಿಲ್ಲದವನು ಕಾರ್ನೆಟ್ ಊದುವುದೂ ಕಾಲಿಲ್ಲದವನು ಮದುವೆಯಲ್ಲಿ ಕುಣಿಯುವುದೂ ಒಂದೇ. ನಮ್ಮೂರ ತಂಡದ ಮೊದಲ ಕಾರ್ನೆಟ್ಟಿನ ಜಾಗ ಹತ್ತೊಂಬತ್ತು ವರ್ಷದಿಂದ ನನ್ನದು. ಹೆಂಡತಿ ಹೋದ ಮನುಷ್ಯನಿಗೆ ಅದೂ ಹೋದರೆ ಉಳಿಯುವುದು ಏಳನೆಯ ತರಗತಿಯವರ ಉತ್ತರಪತ್ರಿಕೆ.

"ಇಷ್ಟ ನಿಮ್ದು ಸಾರ್. ಊದುವಾಗ ಹಲ್ಲು ಕಾರ್ನೆಟ್ ಒಳಗೆ ಹೋದ್ರೆ ನನ್ನ ಕರೀಬೇಡಿ, ಕೊಳಾಯಿಯವ್ರನ್ನ ಕರೀರಿ" ಅಂದಳು ನಜ್ಮಾ.

ಇನ್ನು ಶುಕ್ರವಾರದ ವಿಷಯ. ಒಂದೇ ಸಂಜೆಗೆ ಆರು ಊರು. ಬಸ್ಸಿಳಿದು ಮೆರವಣಿಗೆ, ಒಂದು ವಾದನ, ಮತ್ತೆ ಬಸ್ಸು. ಪ್ರತಿ ಊರಲ್ಲೂ ಕಿಟಕಿಗೆ ಪರದೆ ಎಳೆದ ಬಂಡಿಯೊಳಗೆ ಕೂತ ತೀರ್ಪುಗಾರ. ಊದುತ್ತಿರುವುದು ಯಾವ ತಂಡ, ಯಾರ ಮುಖ ಎಂದು ಅವನು ನೋಡುವಂತಿಲ್ಲ; ಕಿವಿಯೇ ಅವನ ಕಣ್ಣು. ಕೊನೆಯ ಊರು ಡಾಬ್‌ಶಾದಲ್ಲಿ, ನಡುವಿನ ಹದಿನಾರು ಆವರ್ತದ ಒಂಟಿ ಕಾರ್ನೆಟ್ ಮುಗಿದಾಗ ಬಿಯರ್ ಲೋಟ ಹಿಡಿದವರು ಕುಡಿಯುವುದನ್ನು ಮರೆತಿದ್ದರು. ತೀರ್ಪುಗಾರ ಬರೆದದ್ದನ್ನು ನಾನು ಬಾಯಿಪಾಠ ಮಾಡಿದ್ದೇನೆ: "ಕಾರ್ನೆಟ್ ಕೇಳುತ್ತ ಪೆನ್ನು ಕೆಳಗಿಟ್ಟೆ. ಮೂವತ್ತು ವರ್ಷದಲ್ಲಿ ಇದು ಎರಡನೆಯ ಸಲ." ಒಂಟಿವಾದ್ಯದ ಬಹುಮಾನದ ಬೆಳ್ಳಿಬಟ್ಟಲು ಈಗ ನಮ್ಮ ಮನೆಯ ಅಗ್ಗಿಷ್ಟಿಕೆಯ ಮೇಲಿದೆ. ಹಲ್ಲು ಹೋದರೂ ಹಲ್ಲುಕಿರಿಯಲು ಕಾರಣ ಸಿಕ್ಕಿತು. ಮಂಗಳವಾರ ನಜ್ಮಾ ಎರಡನ್ನೂ ಕಿತ್ತಳು. ಇನ್ನು ಊದಲಾರೆ. ಆದರೆ ಶಿಖರದಿಂದ ಇಳಿದವನು ನಾನು, ಚರಂಡಿಯಿಂದ ಎದ್ದವನಲ್ಲ.

ಭಾನುವಾರ ಪೆಟ್ಟಿಗೆ ಸಮೇತ ಬರುತ್ತೇನೆ ಎಂದು ಬರೆದಿದ್ದೀಯೆ. ಬಟ್ಟಲಿನ ಸುದ್ದಿಯನ್ನು ನಿಮ್ಮಮ್ಮ ಹೇಳಿದರಂತೆ, "ನಿನ್ನ ಗಂಡ ಕೊನೆಗೂ ಮಾತು ಉಳಿಸ್ಕೊಂಡ, ಊದಿಯೂ ತೋರಿಸ್ದ" ಎಂದರಂತೆ. ಆ ಸಾಲನ್ನು ಎಷ್ಟು ಸಲ ಓದಿದೆನೋ. ಆದರೆ ಅದರ ಕೆಳಗೇ ಕೇಳಿದ್ದೀಯೆ: ಇಪ್ಪತ್ತಾರು ವರ್ಷ ಊದಿದ, ಮಾಂಸದಂಗಡಿಯ ನಿನ್ನ ತಮ್ಮ ಡೆರಿಕ್‌ನನ್ನು ತಂಡದಿಂದ ಏಕೆ ತೆಗೆದರು, ಅವನು ಏಕೆ ಬಾಯಿ ಬಿಡುತ್ತಿಲ್ಲ, ಎಂದು.

ನಡೆದದ್ದು ಇಷ್ಟೆ. ಸೋಮವಾರ ತಂಡದ ಸಭೆಯಲ್ಲಿ, ಎದುರು ನಿಂತು ಕೋಲು ಬೀಸಿ ನಮ್ಮನ್ನು ನುಡಿಸುವ ನಾಯಕ ಆಕ್ರಾಯ್ಡ್ ತೀರ್ಪಿನ ಹಾಳೆ ಓದಿದ. ಹೊಗಳಿಕೆಯ ಕೆಳಗೆ ಇನ್ನೊಂದು ಸಾಲಿತ್ತು: "ಆದರೆ ಆ ಹದಿನಾರು ಆವರ್ತದಲ್ಲಿ ಹಿಂದೆ ಜೊತೆಗೂಡಬೇಕಿದ್ದ ಎರಡನೆಯ ಕಾರ್ನೆಟ್ ಕೇಳಿಸಲೇ ಇಲ್ಲ. ನಿದ್ದೆಯೆ?" ಆ ಒಂದು ಸಾಲಿಗೆ ತಂಡ ಎರಡನೆಯ ಸ್ಥಾನಕ್ಕಿಳಿದಿತ್ತು.

"ಯಾರಪ್ಪ ಆ ಪುಣ್ಯಾತ್ಮ?" ಅಂದ ಆಕ್ರಾಯ್ಡ್.

ಡೆರಿಕ್ ಎದ್ದ. "ನಾನೇ ಕಣಣ್ಣ. ಬಸ್ಸಲ್ಲಿ ಹಂದಿಮಾಂಸದ ಕಡುಬು ಜಾಸ್ತಿ ಆಯ್ತು. ಮಂಕು ಕವೀತು."

ಆಗ ನಾನೊಂದು ಮಾತು ಹಾಕಿದೆ. ಕಟುಕ ತೂಕಡಿಸಿದರೆ ಕುರಿಗಳಿಗೆ ಹಬ್ಬ, ನಮಗೇನು ಬಂತು ಎಂದೆ. ಕೋಣೆಯೆಲ್ಲ ನಕ್ಕಿತು. ಡೆರಿಕ್ ಕೂಡ ನಕ್ಕ. ನಗು ನಿಂತ ಮೇಲೆ ಆಕ್ರಾಯ್ಡ್, "ತಂಡದ ಕೋಟು ಬಿಚ್ಚಿಡು" ಅಂದ. ನಿನ್ನ ತಮ್ಮ ಹಿತ್ತಾಳೆ ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿ, ಕೋಟನ್ನು ಮಡಿಸಿ ಕುರ್ಚಿಯ ಮೇಲಿಟ್ಟು, ಅಂಗಿಯಲ್ಲೇ ಮನೆಗೆ ಹೋದ. ಕಟುಕನಾದರೂ ಎಷ್ಟು ಒಪ್ಪವಾಗಿ ಮಡಿಸಿದ್ದ.

ಭಾನುವಾರ ಬಸ್ ನಿಲ್ದಾಣಕ್ಕೆ ಬರುತ್ತೇನೆ. ಮಾತಾಡಿದರೆ ಸ್ವಲ್ಪ ಸೀಟಿ ಹೊಡೆಯುತ್ತದೆ, ನಗಬೇಡ.

ಎರಡು ಹಲ್ಲು ಕಡಿಮೆಯಾದರೂ ಪೂರ್ತಿ ನಿನ್ನವನೇ,
ರಸೆಲ್

ಮರೆತ ಮಾತು: ಮರೆತದ್ದಲ್ಲ, ಗ್ಲೆಂಡಾ. ಲಕೋಟೆ ಅಂಟಿಸಿ ಮತ್ತೆ ಹರಿದಿದ್ದೇನೆ. ಐದನೆಯ ಊರಲ್ಲೇ ಒಂದು ಹಲ್ಲು ಅಡ್ಡ ತಿರುಗಿತ್ತು. ಕಾರ್ನೆಟ್ ತುಟಿಗೆ ತಾಗಿದರೆ ಕಣ್ಣು ಕತ್ತಲೆ. ಬಸ್ಸಿನಲ್ಲಿ ಡೆರಿಕ್ ನನ್ನ ಕರವಸ್ತ್ರದ ರಕ್ತ ನೋಡಿದ. "ಭಾವ, ನೀವು ಸುಮ್ನೆ ಹಿಡ್ಕೊಂಡು ನಿಂತ್ಕೊಳ್ಳಿ. ಅಕ್ಕ ಬರೋ ಹೊತ್ತು, ನಿಮ್ ಜಾಗ ಹೋಗ್ಬಾರ್ದು" ಅಂದ. ಆಕ್ರಾಯ್ಡ್‌ನ ಎಡಗಿವಿ ಕೇಳಿಸುವುದಿಲ್ಲ, ನಾವು ನಿಲ್ಲುವುದು ಅವನ ಎಡಕ್ಕೆ. ಅಕ್ಕಪಕ್ಕದವರು ಬಟ್ಟಲಿನ ಆಸೆಗೆ ಕಿವುಡರಾದರು. ನಿನ್ನೆ ಅಂಗಡಿಯಲ್ಲಿ ಡೆರಿಕ್ ಕೇಳಿದ್ದು ಒಂದೇ, ಅಕ್ಕನಿಗೆ ನೀವೇ ಹೇಳಿ ಎಂದು. ಆಕ್ರಾಯ್ಡ್‌ಗೆ ನಾನಿನ್ನೂ ಹೇಳಿಲ್ಲ. ಹೇಳುವ ಧೈರ್ಯವಿದೆಯೋ ಇಲ್ಲವೋ ತಿಳಿಯದು. ಡಾಬ್‌ಶಾದಲ್ಲಿ ಆ ಹದಿನಾರು ಆವರ್ತ ಊದಿದ್ದು ನಿನ್ನ ತಮ್ಮ. ನಾನು ಕೆನ್ನೆ ಉಬ್ಬಿಸಿಕೊಂಡು, ಮೂರು ಗುಂಡಿಗಳನ್ನು ತಾಳಕ್ಕೆ ಸರಿಯಾಗಿ ಒತ್ತುತ್ತ ನಿಂತಿದ್ದೆ. ನನ್ನ ಕಾರ್ನೆಟ್ಟಿನಿಂದ ಹೊರಬಂದದ್ದು ಜೊಲ್ಲು ಮಾತ್ರ. ಜನ ಚಪ್ಪಾಳೆ ತಟ್ಟಿದಾಗ ಎರಡು ಸಲ ತಲೆಬಾಗಿದವನು ಮಾತ್ರ ನಾನೇ.