ಅತ್ತೆ ಹೊಗಳಿದ ದಿನ

ಮೂರನೇ ಮಹಡಿಯ ಮನೆಯಿಂದ,
ನಾಲ್ಕನೇ ತಾರೀಖು, ಮಂಗಳವಾರ ಮಧ್ಯಾಹ್ನ

ಪ್ರೀತಿಯ ಯಜಮಾನರಿಗೆ,

ನಿಮ್ಮ ಕೆಮ್ಮು ಹೇಗಿದೆ? ಸುರಂಗದೊಳಗೆ ಇಳಿಯುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳುತ್ತೀರೋ ಇಲ್ಲವೋ? ಇಲ್ಲ, ನನಗೆ ಗೊತ್ತು. ಹಿಂದಿನ ಎರಡು ಕಾಗದಕ್ಕೂ ಉತ್ತರ ಬರಲಿಲ್ಲ. ಕೇಳಿ ಕೇಳಿ, ಅಂಚೆಯವನು ಈಗ ನನ್ನ ಮುಖ ಕಂಡರೆ ದೂರದಿಂದಲೇ ಇಲ್ಲವೆಂದು ಕೈ ಆಡಿಸುತ್ತಾನೆ. ಬಂಡೆಗಿಂಡೆ ಬಿತ್ತೇ ಎಂದು ಒಮ್ಮೆ, ಪೆನ್ನು ಸಿಕ್ಕಿರಲಿಕ್ಕಿಲ್ಲ ಎಂದು ಒಮ್ಮೆ ಅಂದುಕೊಳ್ಳುತ್ತೇನೆ. ಅತ್ತೆ ಆರೋಗ್ಯವಾಗಿದ್ದಾರೆ, ಅವರ ಬಾಯಿ ಇನ್ನೂ ಆರೋಗ್ಯವಾಗಿದೆ. ನನ್ನ ಅಕ್ಷರ ನೋಡಿ ಗಾಬರಿಯಾಗಬೇಡಿ. ಆರನೇ ಕ್ಲಾಸಿಗೇ ಶಾಲೆ ಬಿಟ್ಟವಳ ಅಕ್ಷರ ಮೊದಲೂ ಅಷ್ಟಕ್ಕಷ್ಟೇ. ಈಗ ಪೆನ್ನಿಗೆ ಬಟ್ಟೆ ಸುತ್ತಿ, ಎರಡು ಬೆರಳ ಸಂದಿಗೆ ಸಿಕ್ಕಿಸಿಕೊಂಡು ಬರೆಯುತ್ತಿದ್ದೇನೆ.

ವಿಷಯ ಏನೆಂದರೆ, ನನ್ನ ಅಂಗವಿಕಲರ ಭತ್ಯೆಯ ಅರ್ಜಿ ವಜಾ ಆಯಿತು. ಕೀಲುವಾತದ ಕೈ ಇಟ್ಟುಕೊಂಡು ಹಾಸುಬಟ್ಟೆ ಮಡಚಲು ಆಗುವುದಿಲ್ಲವೆಂದು ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದವರು ನನ್ನನ್ನು ಮನೆಗೆ ಕಳಿಸಿದ್ದು ನಿಮಗೆ ಗೊತ್ತಲ್ಲ. ಭತ್ಯೆಯ ಕಾರ್ಡು ಸಿಕ್ಕಿದ್ದರೆ ಸೂಜಿಮದ್ದು ಪುಕ್ಕಟೆ. ಇಲ್ಲದಿದ್ದರೆ ಬೆರಳುಗಳು ಹೀಗೇ ಸೊಟ್ಟಗೆ ಗಟ್ಟಿಯಾಗಿ ನಿಂತುಬಿಡುತ್ತವೆ ಎಂದರು ಡಾಕ್ಟರು. ಅದನ್ನು ಕೇಳಿದಾಗಿನಿಂದ ಕೆಂಡದ ಮೇಲೆ ಕೂತ ಹಾಗಿದೆ ನನಗೆ.

ಹೋದ ತಿಂಗಳು ಭತ್ಯೆ ಆಫೀಸಿನಿಂದ ಒಬ್ಬರು ಮೇಡಂ ಫೈಲು ಹಿಡಿದು ತಪಾಸಣೆಗೆ ಬಂದಿದ್ದರು. ಅತ್ತೆ ಬೆಳಗ್ಗೆಯೇ ನೆಲ ಒರೆಸಿ, ನನಗೆ ಒಳ್ಳೆ ಬಟ್ಟೆ ಉಡಿಸಿ, ತಲೆ ಬಾಚಿ ಕೂರಿಸಿದರು. "ಮನೆಕೆಲಸ ಎಲ್ಲ ಯಾರಮ್ಮ ಮಾಡೋದು?" ಎಂದರು ಮೇಡಂ. ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆ, "ಇನ್ಯಾರು, ನನ್ನ ಸೊಸೇನೇ! ಚಿನ್ನದಂಥವಳು. ಇವತ್ತಿನವರೆಗೂ ನನಗೆ ಒಂದು ಲೋಟ ತೊಳೆಯೋಕೆ ಬಿಟ್ಟಿಲ್ಲ" ಎಂದುಬಿಟ್ಟರು. ಪಾತ್ರೆಯೆಲ್ಲ ಅವರೇ ತೊಳೆದಿಟ್ಟಿದ್ದರು, ಇನ್ನೂ ನೀರು ಸೋರುತ್ತಿತ್ತು. ಸುಳ್ಳು ಎನ್ನಬೇಕಿತ್ತು ನಾನು. ಆದರೆ ಹದಿನಾಲ್ಕು ವರ್ಷದಲ್ಲಿ ಒಂದು ದಿನವೂ ಕೇಳದ ಮಾತು ರೀ. ಸಾರಿಗೆ ಉಪ್ಪು ಕಮ್ಮಿಯಾದರೂ "ಕೈಲಾಗದವಳು" ಎನ್ನುತ್ತಿದ್ದ ಬಾಯಿ ಅದು. ಕಣ್ಣು ತುಂಬಿ ಬಂತು. ಆ ಸಂಭ್ರಮದಲ್ಲಿ ಎದ್ದು ಹೋಗಿ, ಎರಡೂ ಮಣಿಕಟ್ಟಿನ ನಡುವೆ ಲೋಟ ಒತ್ತಿಹಿಡಿದು ಮೇಡಂಗೆ ನೀರು ತಂದುಕೊಟ್ಟೆ. ಅದನ್ನೂ ಬರೆದುಕೊಂಡಿದ್ದಾರೆ.

ಮರುಅರ್ಜಿ ಹಾಕಿದ್ದೇನೆ. ಹದಿನೇಳಕ್ಕೆ ವಿಚಾರಣೆ. ಹೇಳಿದವರೇ ಬಂದು ಹೇಳಿಕೆ ತಿದ್ದಬೇಕು, ಬೇರೆ ದಾರಿಯಿಲ್ಲ ಎಂದ ಗುಮಾಸ್ತ. ಅತ್ತೆ ಜಪ್ಪಯ್ಯ ಅಂದರೂ ಒಪ್ಪುತ್ತಿಲ್ಲ. "ನಾಲ್ಕು ಜನರ ಮುಂದೆ ನನ್ನ ಸೊಸೆ ಕೈಲಾಗದವಳು ಅನ್ಲಾ? ನಾಲಿಗೆ ಬಿದ್ದು ಹೋಗುತ್ತೆ." ಮನೇಲಿ ದಿನಾ ಅಂತಿದ್ರಲ್ಲ ಅತ್ತೆ ಎಂದೆ. "ಮನೇಲಿ ಅಂದ್ರೆ ಅದು ಬೈಗುಳ ಕಣೇ. ಆಫೀಸಲ್ಲಿ ಅಂದ್ರೆ ಸಾಕ್ಷಿ!" ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ ಎಂದರೆ ಇದೇ. ನೀವು ಹೇಳಿದರೆ ಮಾತ್ರ ಕೇಳುತ್ತಾರೆ.

ಹೊತ್ತಿಗೆ ಸರಿಯಾಗಿ ಊಟ ಮಾಡಿ. ಒದ್ದೆ ಬೂಟಿನಲ್ಲೇ ಮಲಗಬೇಡಿ. ಅತ್ತೆಯ ಆಶೀರ್ವಾದ, ನನ್ನ ನಮಸ್ಕಾರ.

ನಿಮ್ಮವಳು

ಇನ್ನೊಂದು ಮಾತು: ಅತ್ತೆ ಬಟ್ಟೆ ತೆಗೆಯಲು ತಾರಸಿಗೆ ಹೋಗಿದ್ದಾರೆ, ಬರುವುದರೊಳಗೆ ಬರೆದುಬಿಡುತ್ತೇನೆ. ಮರ್ಯಾದೆ ಎನ್ನುವುದೆಲ್ಲ ನೆಪ. ನಿನ್ನೆ ನನಗೆ ಗುಂಡಿ ಹಾಕುತ್ತಾ ಮೆಲ್ಲಗೆ ಕೇಳಿದರು, "ನಿನ್ನ ಕೈಲಿ ಏನೂ ಆಗಲ್ಲ ಅಂತ ಮೊಹರು ಬಿದ್ರೆ ನನ್ನ ಮಗ ಮತ್ತೆ ಮನೆಗೆ ಬರ್ತಾನೇನೇ?" ನನಗೂ ಅದೇ ಭಯ. ನೀವು ಅವರ ಹೆಸರಿಗೇ ಒಂದು ಕಾಗದ ಹಾಕಿ. ಅಂಚೆಯವನಿಂದ ಓದಿಸಿಕೊಳ್ಳುತ್ತಾರಂತೆ, ನಾನು ಓದಿದರೆ ಇಲ್ಲದ್ದನ್ನು ಕಟ್ಟಿ ಹೇಳುತ್ತೇನಂತೆ. ಹದಿನೇಳರೊಳಗೆ ಬರಬೇಕು. ಬರುವ ಮನಸ್ಸಿಲ್ಲದಿದ್ದರೂ ಬರುತ್ತೇನೆ ಎಂದೇ ಬರೆಯಿರಿ, ಅವರು ಹೇಳಿಕೆ ಕೊಟ್ಟುಬಿಡಲಿ. ನಿಜ ಏನೆಂದು ನನಗೆ ಬೇರೆ ಕಾಗದದಲ್ಲಿ ತಿಳಿಸಿ.