ಯಾವ ದೇಶದ್ದೂ ಅಲ್ಲದ ನಾಣ್ಯ

ಬಸವನ ಬಾಗೇವಾಡಿ
೧೮ ಜನವರಿ ೧೯೬೮

ಗೆಳೆಯ ಚನ್ನಬಸಯ್ಯನಿಗೆ ಜೈನುದ್ದೀನನ ಸಲಾಂ.

ನಮ್ಮ ಶಾಲೆಯಲ್ಲಿ ನಿನಗೆ ಮಾಡಿದ ಸನ್ಮಾನದ ಫೋಟೊ ಕಳಿಸೆಂದು ದಿಲ್ಲಿಯಿಂದ ನೀನು ಬರೆದ ಕಾಗದ ಸಂಕ್ರಾಂತಿಗೆ ಮೊದಲೇ ಮುಟ್ಟಿತ್ತು. ಉತ್ತರ ತಡವಾಯಿತು, ಕ್ಷಮಿಸು. ಸಿಟ್ಟು ಇಳಿಯಲಿ ಎಂದು ಕಾದೆ, ಇಳಿಯಲಿಲ್ಲ. ಇಲ್ಲಿ ಎಲ್ಲರೂ ಕ್ಷೇಮ. ಬಿಳಿಜೋಳ ತೆನೆ ಕಟ್ಟಿದೆ. ನಿನಗೆಂದು ಮಾಡಿದ ಶೇಂಗಾ ಹೋಳಿಗೆಯನ್ನು ನೀನು ಮುಟ್ಟದೆ ಹೋದದ್ದನ್ನು ನನ್ನಾಕೆ ಜೋಹರಾಬಿ ಇನ್ನೂ ಆಡಿಕೊಳ್ಳುತ್ತಾಳೆ.

ಫೋಟೊ ಇದರ ಜೊತೆಗಿದೆ. ಚೆನ್ನಾಗಿಯೇ ಬಂದಿದೆ. ಜಗತ್ತಿನ ಹಣಕಾಸಿನ ಸಭೆಗೆಂದು ರಿಯೋ ಪಟ್ಟಣಕ್ಕೆ ಹೋಗಿಬಂದ ನಮ್ಮೂರ ಮಗನೆಂದು ಹೆಡ್ಮಾಸ್ತರರು ಹೊಗಳುವಾಗ ನೀನು ಕಣ್ಣು ಮುಚ್ಚಿಕೊಂಡಿದ್ದೆ. ನಾಚಿಕೆಯಿಂದ ಎಂದುಕೊಂಡೆ. ಭಾಷಣ ಕೇಳಿದ ಮೇಲೆ ತಿಳಿಯಿತು, ಆ ಪದಾರ್ಥ ನಿನ್ನಲ್ಲಿ ಈಗ ಉಳಿದಿಲ್ಲ.

"ಡಾಲರ್ ಅಂದ್ರ ಬಂಗಾರ ಇದ್ಧಾಂಗ. ಜಗತ್ತೇ ಅದನ್ನ ನಂಬೇತಿ, ನಾವೂ ನಂಬಬೇಕು" ಎಂದೆ ನೀನು. ನಂಬಿ ಏನು ಕಂಡೆವಪ್ಪ? ಅವರು ತಮ್ಮ ಮನೆಯಲ್ಲಿ ಅಚ್ಚುಹಾಕಿದ ಕಾಗದಕ್ಕಾಗಿ ನಾವು ಹತ್ತಿ, ಶೇಂಗಾ ಹಿಂಡಿ ಹಡಗಿಗೆ ತುಂಬಬೇಕು. ಅರವತ್ತಾರರಲ್ಲಿ ನಮ್ಮ ರೂಪಾಯಿಯ ಬೆಲೆ ಇಳಿಸಿದರಲ್ಲ, ಆಮೇಲೆ ಅಷ್ಟೇ ಡಾಲರಿಗೆ ಇನ್ನೂ ಹೆಚ್ಚು ತುಂಬಬೇಕಾಯಿತು.

ನಾನು ಎದ್ದು ನಿಂತೆ. "ಸಾಹೇಬ್ರ, ಆ ರಿಯೋ ಸಭಾದಾಗ ಎಲ್ಲಾರೂ ಕೂಡಿ ಕಾಗದದ ಬಂಗಾರ, ಅಂದ್ರ ದೇಶದೇಶದ ಲೆಕ್ಕಕ್ಕ ಹೊಸಾ ರೊಕ್ಕ, ಮಾಡಾಕ ಒಪ್ಯಾರಂತ. ಅದರಾಗೂ ಸಾವಕಾರ ದೇಶಕ್ಕ ದೊಡ್ಡ ಪಾಲು, ಬಡವಗ ಸಣ್ಣ ಪಾಲು ಯಾಕ್ರಿ?"

ನೀನು ನಕ್ಕೆ. "ಮಾಸ್ತರ, ನೀವು ಮಕ್ಕಳಿಗೆ ಮಗ್ಗಿ ಕಲಿಸ್ರಿ." ಸಭೆಯೂ ನಕ್ಕಿತು. ಹತ್ತಿ ದಲಾಲಿ ಮಾಡುವ ಅಡತಿ ಅಂಗಡಿಯ ರೇವಪ್ಪನಂತೂ ಕುರ್ಚಿ ಮುರಿಯುವಷ್ಟು ನಕ್ಕ.

ಆಗ ನಾನು ಧಾರವಾಡದ ಮಾತು ತೆಗೆದೆ. ನಲವತ್ನಾಲ್ಕರಲ್ಲಿ ಅಮೆರಿಕದ ಸಭೆಯೊಂದು ಡಾಲರಿಗೆ ಪಟ್ಟ ಕಟ್ಟಿದ ಸುದ್ದಿ ಓದಿ, ಕಾಲೇಜಿನ ಕೋಣೆಯಲ್ಲಿ ನಾವಿಬ್ಬರೂ ಒಂದು ಯೋಜನೆ ಬರೆದಿದ್ದೆವು. ಯಾವ ದೇಶದ್ದೂ ಅಲ್ಲದ ನಾಣ್ಯ, ಎಲ್ಲ ದೇಶಕ್ಕೂ ಒಂದೊಂದೇ ವೋಟು. ತರಗತಿಯಲ್ಲಿ ಅದನ್ನು ಎದೆಯುಬ್ಬಿಸಿ ಓದಿದವನು ನೀನು.

"ಅದು ನೆನಪೈತೇನ್ರಿ?" ಎಂದೆ.

"ಅಂಥಾದ್ದೇನೂ ನಾನು ಬರದಿಲ್ಲ. ಮಾಸ್ತರಿಗೆ ಬ್ಯಾರೆ ಯಾರೋ ನೆನಪಾಗ್ಯಾರ" ಎಂದು ನೀನು ಗಡಿಯಾರ ನೋಡಿಕೊಂಡೆ.

ಮರೆತಿರಲಿಲ್ಲ ನೀನು. ಜೀಪು ಹತ್ತುವಾಗ ನನ್ನ ಕಿವಿಯಲ್ಲಿ ಪಿಸುಗುಟ್ಟಿದೆ: "ಜೈನ್ಯಾ, ಮಂದಿ ಮುಂದ ಅದನ್ನೆಲ್ಲಾ ತಗೀಬ್ಯಾಡೋ. ವಾಷಿಂಗ್ಟನ್ನಿನಾಗ ನನಗ ನೌಕರಿ ಆಗೂದೈತಿ."

ಡಾಲರಿನ ಸಂಬಳ! ಅದನ್ನು ನಂಬದೆ ನಿನಗೆ ಗತಿಯಿಲ್ಲ ಬಿಡು. ನಮ್ಮ ಯೋಜನೆ ಹುಡುಗಾಟದ್ದೇ ಇರಬಹುದು. ಅದು ತಪ್ಪು ಎಂದಿದ್ದರೆ ವಾದ ಮಾಡುತ್ತಿದ್ದೆ, ಸೋತರೂ ಖುಷಿಯಿಂದ ಮನೆಗೆ ಬರುತ್ತಿದ್ದೆ. ನಿನಗೆ ಅಷ್ಟು ಧೈರ್ಯವೂ ಇರಲಿಲ್ಲ.

ಬೇಡಿದ ನೌಕರಿ ಸಿಗಲಿ, ಅಲ್ಲಿಯ ಚಳಿ ನಿನ್ನ ಮೈಗೆ ಒಗ್ಗಲಿ. ಮನೆಯವರಿಗೆ ನಮ್ಮ ಸಲಾಂ, ಮಕ್ಕಳಿಗೆ ಆಶೀರ್ವಾದ.

ಒಂದು ಕಾಲದ ನಿನ್ನ ಜೊತೆಗಾರ,
ಜೈನುದ್ದೀನ

ತಾ.ಕ.: ಅಂದು ಮುಂದಿನ ಸಾಲಿನಲ್ಲಿ ನನ್ನ ಮಗಳು ಮೆಹರಾಜ ಕೂತಿದ್ದಳು. ಚಿಕ್ಕಂದಿನಿಂದ ನಮ್ಮಿಬ್ಬರ ಯೋಜನೆಯ ಕತೆ ಕೇಳುತ್ತಲೇ ಬೆಳೆದವಳು. ತಾನೂ ಧಾರವಾಡಕ್ಕೆ ಹೋಗಿ ಅರ್ಥಶಾಸ್ತ್ರ ಓದುತ್ತೇನೆಂದು ಹಟ ಹಿಡಿದಿದ್ದಳು. ಮನೆಗೆ ಬರುವ ದಾರಿಯಲ್ಲಿ ಕೇಳಿದಳು: "ಅಬ್ಬಾ, ಅದನ್ನ ಖರೇನ ಬರದಿದ್ದೇನು? ಏನ್ ನನ್ನ ಖುಷಿಗೆ ಹೇಳ್ತಿದ್ದಿ?" ಖರೆ ಎಂದೆ. "ಇರ್ಲಿ ಬಿಡು ಅಬ್ಬಾ" ಎಂದು ನನ್ನ ಕೈ ಹಿಡಿದುಕೊಂಡಳು, ಸಣ್ಣ ಮಕ್ಕಳನ್ನು ಸಂತೈಸುವಂತೆ. ಅವಳು ಧಾರವಾಡದ ಮಾತೆತ್ತದೆ ಇವತ್ತಿಗೆ ತಿಂಗಳಾಯಿತು.